ಡೇರಿ ಕಾರ್ಯದರ್ಶಿಗಳಿಗೆ ಪತ್ರ: ಬಟವಾಡೆ ಲೆಕ್ಕ ಇನ್ನು ಮೇಲೆ ರಾತ್ರಿ ಮಾತ್ರ

ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಮುಂದಿನ ತಿಂಗಳ 1ನೇ ತಾರೀಖಿನಿಂದ, ನಾವು ಮಾಡಿಕೊಡುವ ನಿಮ್ಮ ಡೇರಿಯ ಬಟವಾಡೆ ಲೆಕ್ಕ, ಅಂದರೆ ಸದಸ್ಯರಿಗೆ ಹಾಲಿನ ದುಡ್ಡು ಹಂಚುವ ಲೆಕ್ಕ, ಹಗಲೂ ರಾತ್ರಿ ತೆರೆದಿರುವ ಆ ದೊಡ್ಡ ಎಕ್ಸೆಲ್ ಫೈಲಿನಲ್ಲಿ ಇರುವುದಿಲ್ಲ. ಸಂಜೆ ಶಿಫ್ಟ್ ಮುಗಿದ ಮೇಲೆ ನೀವು ಆ ದಿನದ ಫೈಲ್ ಕಳಿಸಿ. ರಾತ್ರಿ ಎಂಟೂವರೆಯಿಂದ ಹತ್ತರ ಒಳಗೆ ಲೆಕ್ಕ ಮುಗಿಯುತ್ತದೆ. ಬೆಳಿಗ್ಗೆ ನೀವು ಡೇರಿ ಬಾಗಿಲು ತೆಗೆಯುವ ಹೊತ್ತಿಗೆ ಶೀಟ್ ನಿಮ್ಮ ಮೇಲ್‌ನಲ್ಲಿ ಇರುತ್ತದೆ. ಸದಸ್ಯರೊಬ್ಬರಿಗೆ ತಿಂಗಳಿಗೆ 12 ರೂಪಾಯಿ ಇದ್ದ ನಮ್ಮ ಚಾರ್ಜ್ 10 ರೂಪಾಯಿ ಆಗುತ್ತದೆ.

ಚಾರ್ಜ್ ಇಳಿಸುತ್ತೇವೆ ಎಂದು ಯಾರಾದರೂ ಪತ್ರ ಬರೆದರೆ ನಮಗೂ ಅನುಮಾನವೇ ಬರುತ್ತದೆ. ನಿಜ ಹೇಳಬೇಕೆಂದರೆ ಆರು ತಿಂಗಳ ಹಿಂದೆ ನಾವು ಬರೆದಿಟ್ಟ ಪತ್ರ ಬೇರೆಯೇ ಇತ್ತು. 12 ರೂಪಾಯಿಯನ್ನು 15 ಮಾಡುತ್ತಿದ್ದೇವೆ, ದಯವಿಟ್ಟು ಸಹಕರಿಸಿ ಅಂತ. ಪ್ರಿಂಟ್ ಕೂಡ ಆಗಿತ್ತು.

ಅದನ್ನು ತಡೆದವರು ನಿಮ್ಮಲ್ಲೇ ಒಬ್ಬರು. ಮದ್ದೂರು ಕಡೆಯ ಕಾರ್ಯದರ್ಶಿ. ಬಟವಾಡೆ ದಿನ ನಮ್ಮ ಆಫೀಸಿಗೆ ಬಂದಿದ್ದರು. ಸದಸ್ಯರೊಬ್ಬರ ಫೀಡ್ ಮೂಟೆ ದುಡ್ಡು ಎರಡು ಸಲ ಕಡಿತ ಆಗಿತ್ತು, ಸರಿ ಮಾಡಬೇಕಿತ್ತು. ಒಂದೇ ಒಂದು ಸೆಲ್. ನಮ್ಮ ಹುಡುಗಿ ಸಂಖ್ಯೆ ಅಳಿಸಿ ಎಂಟರ್ ಒತ್ತಿದಳು. ಪರದೆಯ ಕೆಳಗಿನ ಮೂಲೆಯಲ್ಲಿ ಶೇಕಡಾ 1, ಶೇಕಡಾ 2 ಎಂದು ಲೆಕ್ಕ ಶುರುವಾಯಿತು. ಕಾಫಿ ತರಿಸಿದೆವು. ಕುಡಿದು ಲೋಟ ಕೆಳಗಿಟ್ಟಾಗ ಶೇಕಡಾ 60. ಇಷ್ಟು ಹೊತ್ತು ಏನು ಮಾಡುತ್ತಿದೆ ಎಂದು ಅವರು ಕೇಳಿದರು. ಮೂರು ವರ್ಷದ ಹಾಲಿನ ಲೆಕ್ಕವನ್ನೆಲ್ಲ ಮತ್ತೆ ಹಾಕುತ್ತಿದೆ ಎಂದೆವು.

"ಹೋದ್ ವರ್ಷದ ಹಾಲ್ನ ಕುಡ್ದು ಮುಗಿಸವ್ರೆ, ದುಡ್ಡೂ ಕೊಟ್ಟಾಗ್ಯದೆ. ಅದ್ನ ಇನ್ನೂ ಯಾಕೆ ಲೆಕ್ಕ ಹಾಕ್ತಾ ಕೂತದೆ ಇದು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರು ಹೋದ ಮೇಲೆ ಪ್ರಿಂಟ್ ಆದ ಪತ್ರಗಳನ್ನು ಡ್ರಾಯರ್‌ಗೆ ಹಾಕಿ ಫೈಲ್ ಬಿಚ್ಚಿ ಕೂತೆವು.

ನಮ್ಮಲ್ಲಿ ಈಗ 41 ಡೇರಿಗಳ ಲೆಕ್ಕ ಇದೆ. 180 ಸದಸ್ಯರಿರುವ ಒಂದು ಡೇರಿಯನ್ನೇ ತೆಗೆದುಕೊಳ್ಳಿ. ದಿನಕ್ಕೆ ಎರಡು ಶಿಫ್ಟ್, ಅಂದರೆ 360 ಸಾಲು. ವರ್ಷಕ್ಕೆ 1,31,400. ಹಳೆಯದು ಕೈಗೆ ಸಿಗಲಿ ಎಂದು ಮೂರು ವರ್ಷದ್ದನ್ನು ಒಂದೇ ಫೈಲಿನಲ್ಲಿ ಇಟ್ಟಿದ್ದೆವು: 3,94,200 ಸಾಲು. ಪ್ರತಿ ಸಾಲಿಗೂ 14 ಫಾರ್ಮುಲಾ. ಲ್ಯಾಕ್ಟೋಮೀಟರ್ ಡಿಗ್ರಿ ಮತ್ತು ಫ್ಯಾಟ್‌ನಿಂದ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರ, ದರದಿಂದ ಮೊತ್ತ, ಆಮೇಲೆ ಫೀಡು, ಮುಂಗಡ, ಕಡಿತ ಹೀಗೆ. ಒಂದು ಡೇರಿಗೇ 55 ಲಕ್ಷ ಫಾರ್ಮುಲಾ ದಾಟುತ್ತದೆ. 15 ದಿನದ ಒಂದು ಬಟವಾಡೆಗೆ ನಿಜವಾಗಿ ಬೇಕಾದದ್ದು 5,400 ಸಾಲು. ನಾವು ಗುಣಿಸುತ್ತಿದ್ದದ್ದು ಅದರ 73 ಪಟ್ಟು.

ಎಕ್ಸೆಲ್ ಅಷ್ಟು ದಡ್ಡ ಅಲ್ಲ, ಇದನ್ನು ಹೇಳಲೇಬೇಕು. ಒಂದು ಸೆಲ್ ಬದಲಾದರೆ ಅದನ್ನು ನಂಬಿಕೊಂಡಿರುವ ಸೆಲ್‌ಗಳನ್ನು ಮಾತ್ರ ಅದು ಮತ್ತೆ ಲೆಕ್ಕ ಹಾಕುತ್ತದೆ. ಅದರ ಬುದ್ಧಿ ಕೆಡಿಸಿದವರು ನಾವು. ಹಾಲಿನ ದರ ಬದಲಾದಾಗಲೆಲ್ಲ ಹೊಸ ದರಪಟ್ಟಿಗೆ ಒಂದು ಹೊಸ ಶೀಟ್ ಸೇರಿಸುತ್ತಿದ್ದೆವು. ಯಾವ ತಾರೀಖಿನ ಹಾಲಿಗೆ ಯಾವ ಶೀಟ್ ಎಂದು ಹೆಸರು ಜೋಡಿಸಿ ಹುಡುಕಲು ಇಂಡೈರೆಕ್ಟ್ ಎಂಬ ಫಂಕ್ಷನ್ ಹಾಕಿದ್ದೆವು. ಆಗ ಭಾರಿ ಜಾಣತನ ಅನಿಸಿತ್ತು. ಆದರೆ ಹೆಸರನ್ನು ಹೀಗೆ ಅಕ್ಷರದಿಂದ ಜೋಡಿಸಿ ಕೊಟ್ಟರೆ ಆ ಫಾರ್ಮುಲಾ ಯಾವ ಸೆಲ್ ನೋಡುತ್ತಿದೆ ಎಂದು ಎಕ್ಸೆಲ್‌ಗೆ ಮೊದಲೇ ತಿಳಿಯುವುದಿಲ್ಲ. ತಿಳಿಯದ ಕಾರಣ ಫೈಲಿನಲ್ಲಿ ಎಲ್ಲಿ ಏನು ಮುಟ್ಟಿದರೂ ಅದನ್ನೂ, ಅದರಿಂದ ಮುಂದೆ ಹೋಗುವ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ಆಫ್‌ಸೆಟ್, ಟುಡೇ, ನೌ ಎಂಬ ಫಂಕ್ಷನ್‌ಗಳೂ ಹೀಗೇ ಪ್ರತಿ ಸಲ ಹೊಸದಾಗಿ ಲೆಕ್ಕ ಆಗುವ ಜಾತಿ. ಫೀಡ್ ಮೂಟೆಯ ಒಂದು ಸೆಲ್ ತಿದ್ದಿದರೆ ಮೂರು ವರ್ಷದ ಹಾಲು ಎದ್ದು ಕೂರುತ್ತಿದ್ದದ್ದು ಇದಕ್ಕೇ.

ಫೈಲ್ ನಿಧಾನ ಆದಾಗ ನಾವು ಮಾಡಿದ್ದೇನು? ಕ್ಲೌಡ್‌ನಲ್ಲಿ, ಅಂದರೆ ನೆಟ್ ಮೂಲಕ ಬಳಸುವ ಬೇರೆಯವರ ಕಂಪ್ಯೂಟರಿನಲ್ಲಿ, ಇನ್ನೂ ದೊಡ್ಡ ಮೆಷಿನ್ ಬಾಡಿಗೆಗೆ ತೆಗೆದುಕೊಂಡೆವು. ಎರಡು ಕೋರ್‌ನಿಂದ (ಮೆಷಿನ್ ಒಳಗೆ ಲೆಕ್ಕ ಹಾಕುವ ಭಾಗ) ನಾಲ್ಕು, ನಾಲ್ಕರಿಂದ ಎಂಟು. ಎರಡು ವರ್ಷದಲ್ಲಿ ಕ್ಲೌಡ್ ಬಾಡಿಗೆ ತಿಂಗಳಿಗೆ 9,000 ರೂಪಾಯಿಯಿಂದ 31,000ಕ್ಕೆ ಹೋಯಿತು. ಸಂಬಳ ಬಿಟ್ಟರೆ ನಮಗೆ ಅದೇ ದೊಡ್ಡ ಖರ್ಚು. ವೇಗ ಮಾತ್ರ ಅಷ್ಟಕ್ಕಷ್ಟೇ. 2007ರ ಎಕ್ಸೆಲ್‌ನಿಂದ ಈಚೆಗೆ ಲೆಕ್ಕವನ್ನು ಹಲವು ಕೋರ್‌ಗಳಿಗೆ ಹಂಚುವ ಸೌಲಭ್ಯ ಇದೆ, ನಿಜ. ಆದರೆ ಹಾಗೆ ಹಂಚಲು ಬಾರದ ಕೆಲವು ಫಂಕ್ಷನ್‌ಗಳಿವೆ. ಇಂಡೈರೆಕ್ಟ್ ಅವುಗಳಲ್ಲಿ ಒಂದು. ಅದು ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಎಂಬಂತೆ ನಡೆಯುತ್ತದೆ. ಭತ್ತದ ಕೊಯ್ಲಿಗೆ ಎಂಟು ಆಳು ಕರೆದು, ಮನೇಲಿ ಇರೋದು ಒಂದೇ ಕುಡುಗೋಲು ಎಂದ ಹಾಗಾಯಿತು. ಏಳು ಜನ ಬದುವಿನ ಮೇಲೆ ಸುಮ್ನೆ ಕೂತು ಕೂಲಿ ತೆಗೆದುಕೊಂಡರು.

ಈಗ ದರಪಟ್ಟಿಗಳೆಲ್ಲ ಒಂದೇ ಕಡೆ ಇವೆ, ಪ್ರತಿ ದರದ ಪಕ್ಕ ಅದು ಜಾರಿಗೆ ಬಂದ ತಾರೀಖು. ಇಂಡೈರೆಕ್ಟ್ ಹೋಯಿತು. ಬಟವಾಡೆ ಆಗಿ ಮುಗಿದ ಸಾಲುಗಳಲ್ಲಿ ಫಾರ್ಮುಲಾ ತೆಗೆದು ಬರೀ ಸಂಖ್ಯೆ ಉಳಿಸಿದೆವು. ಇಷ್ಟಕ್ಕೇ ಆ ಫೈಲ್ ನಮ್ಮ ಆಫೀಸಿನ ಹಳೇ ಕಂಪ್ಯೂಟರಿನಲ್ಲೂ ಓಡತೊಡಗಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎಕ್ಸೆಲ್ ಶೀಟಿಗೆ 10,48,576 ಸಾಲಿನ ಮಿತಿ ಇದೆ. ನಿಮ್ಮಲ್ಲಿ 300 ಸದಸ್ಯರಿರುವ ಡೇರಿಗಳೂ ಇವೆ. ಅವರದು ಐದು ವರ್ಷಕ್ಕೆ 10,95,000 ಸಾಲು. ಇವತ್ತಲ್ಲ ನಾಳೆ ಗೋಡೆಗೆ ತಲೆ ಬಡಿಯುತ್ತಿತ್ತು. ಅದಕ್ಕೆ ಭಾರದ ಲೆಕ್ಕವನ್ನೆಲ್ಲ ಒಂದು ಡೇಟಾಬೇಸ್‌ಗೆ ಸಾಗಿಸಿದ್ದೇವೆ. ನಿಮಗೆ ಬರುವುದು ಮಾತ್ರ ಎಂದಿನಂತೆ ಎಕ್ಸೆಲ್ ಶೀಟೇ, ಅದೇ ಕಾಲಮ್, ಅದೇ ಕ್ರಮ.

ಕ್ಲೌಡ್ ಮೆಷಿನ್ ಮೊದಲು ತಿಂಗಳಿಗೆ 720 ಗಂಟೆ ಆನ್ ಇರುತ್ತಿತ್ತು. ಈಗ ರಾತ್ರಿ ಒಂದೂವರೆ ಗಂಟೆ, ತಿಂಗಳಿಗೆ 45 ಗಂಟೆ. ಇದರಲ್ಲೂ ಒಂದು ಸಲ ಎಡವಿದೆವು. ಮೊದಲ ತಿಂಗಳು ದಿನಾ ರಾತ್ರಿ ಶಟ್‌ಡೌನ್ ಮಾಡಿ ಖುಷಿಯಾಗಿ ಮನೆಗೆ ಹೋಗುತ್ತಿದ್ದೆವು. ಬಿಲ್ ಒಂದು ರೂಪಾಯಿಯೂ ಇಳಿಯಲಿಲ್ಲ. ವಿಂಡೋಸ್ ಒಳಗಿಂದ ಆಫ್ ಮಾಡಿದರೆ ಮೆಷಿನ್ ಮಲಗುತ್ತದೆ, ಆದರೆ ನಮ್ಮ ಹೆಸರಿಗೆ ಹಿಡಿದಿಟ್ಟ ಜಾಗ ಹಾಗೇ ಇರುತ್ತದೆ, ಮೀಟರ್ ಓಡುತ್ತಲೇ ಇರುತ್ತದೆ. ನಾವು ಬಾಡಿಗೆಗೆ ಪಡೆದ ಕಡೆ ಅವರ ಕಂಟ್ರೋಲ್ ಪ್ಯಾನೆಲ್‌ನಿಂದಲೇ ನಿಲ್ಲಿಸಬೇಕಿತ್ತು. ಓದದೆ ಮಾಡಿದ್ದು ನಮ್ಮ ತಪ್ಪು. ಹಾಗೆ ನಿಲ್ಲಿಸಿದ ಮೇಲೂ ಡಿಸ್ಕಿನ ಬಾಡಿಗೆ ಮಾತ್ರ ತಪ್ಪಲ್ಲ. ಕಳೆದ ತಿಂಗಳ ಬಿಲ್ 4,600 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕ್ ಮತ್ತು ಬ್ಯಾಕಪ್‌ನದ್ದೇ.

ಲೆಕ್ಕ ಸರಿ ಬರುತ್ತದಾ? ಇದು ನಿಮ್ಮ ಮೊದಲ ಪ್ರಶ್ನೆ ಆಗಿರುತ್ತದೆ, ಆಗಿರಬೇಕು ಕೂಡ. ಮೂರು ಬಟವಾಡೆಗಳನ್ನು ಹಳೇ ಫೈಲಿನಲ್ಲೂ ಹೊಸದರಲ್ಲೂ ಮಾಡಿ ಸಾಲು ಸಾಲಾಗಿ ತಾಳೆ ನೋಡಿದೆವು. ಮೊದಲ ಸಲ ತಾಳೆ ಬರಲಿಲ್ಲ. ಕೆಲವು ಸಾಲುಗಳಲ್ಲಿ ಒಂದು ಪೈಸೆ ಕಡಿಮೆ. ಒಂದು ಪೈಸೆ ತಾನೇ ಎಂದು ಬಿಡಬಹುದಿತ್ತು. ಆದರೆ ಡೇರಿಯ ಒಟ್ಟು ಮೊತ್ತಕ್ಕೂ ಸದಸ್ಯರ ಮೊತ್ತಗಳ ಕೂಡಿಕೆಗೂ ಎರಡು ರೂಪಾಯಿ ವ್ಯತ್ಯಾಸ ಬಂದರೆ ಆಡಿಟ್ ದಿನ ಉತ್ತರ ಹೇಳಬೇಕಾದವರು ನೀವು.

ಕಾರಣ ಸಿಕ್ಕಿದ್ದು ಎರಡು ದಿನ ಹುಡುಕಿದ ಮೇಲೆ. ಉದಾಹರಣೆಗೆ 5.3 ಲೀಟರ್ ಹಾಲು, ಲೀಟರಿಗೆ 35.15 ರೂಪಾಯಿ. ಗುಣಿಸಿದರೆ 186.295. ಸರಿಯಾಗಿ ಅರ್ಧ ಪೈಸೆಯ ಮೇಲೆ ನಿಂತಿದೆ. ನಾವು ಕೈಯಲ್ಲಿ ಮಾಡಿದರೆ 186.30 ಎಂದು ಬರೆಯುತ್ತೇವೆ. ಕಂಪ್ಯೂಟರ್ ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, 5.3 ಅಥವಾ 35.15ರಂಥ ದಶಮಾಂಶ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಕೂದಲೆಳೆಯಷ್ಟು ಆಚೆಯೋ ಈಚೆಯೋ ಇರುತ್ತದೆ. ಈಚೆ ಬಿದ್ದರೆ ಒಂದು ಪೈಸೆ ಹೋಯಿತು. ಈಗ ಹೊಸ ಪ್ರೋಗ್ರಾಮಿನಲ್ಲಿ ದಶಮಾಂಶವೇ ಇಲ್ಲ. ಹಾಲು ಮಿಲಿಲೀಟರಿನಲ್ಲಿ, ದರ ಪೈಸೆಯಲ್ಲಿ. 5,300ನ್ನು 3,515ರಿಂದ ಗುಣಿಸಿದರೆ 1,86,29,500, ಅದನ್ನು ಸಾವಿರದಿಂದ ಭಾಗಿಸಿದರೆ 18,629.5 ಪೈಸೆ, ಅರ್ಧ ಇದ್ದರೆ ಮೇಲಕ್ಕೆ, 18,630 ಪೈಸೆ. ಆಮೇಲಿನ ಎರಡು ಬಟವಾಡೆಗಳು ಪೈಸೆಗೆ ಪೈಸೆ ತಾಳೆ ಆದವು.

ಇನ್ನು ನಿಮ್ಮ ಕಡೆಯಿಂದ ಆಗಬೇಕಾದ್ದು. ಹಾಲು ಅಳೆಯುವ ಮೆಷಿನ್ನಿನ ಸಾಫ್ಟ್‌ವೇರ್ ಕೊಡುವ ಸಿಎಸ್‌ವಿ ಫೈಲನ್ನು (ಮಧ್ಯೆ ಕಾಮಾ ಹಾಕಿ ಬರೆದ ಬರೀ ಅಕ್ಷರ, ಅಂಕಿಗಳ ಫೈಲ್) ಹಾಗೇ ಕಳಿಸಿ. ದಯವಿಟ್ಟು ಎಕ್ಸೆಲ್‌ನಲ್ಲಿ ತೆರೆದು, ನೋಡಿ, ಸೇವ್ ಮಾಡಿ ಕಳಿಸಬೇಡಿ. ಒಳ್ಳೆಯ ಉದ್ದೇಶದಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಹಾಗೆ ಸೇವ್ ಮಾಡಿದಾಗ ಸದಸ್ಯರ ಕೋಡ್ 007 ಇದ್ದದ್ದು ಬರೀ 7 ಆಗುತ್ತದೆ. ಬ್ಯಾಂಕ್ ಖಾತೆ ನಂಬರಿನದು ಇನ್ನೂ ಕಷ್ಟ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಇದ್ದರೆ ಕೊನೆಯದು ಸದ್ದಿಲ್ಲದೆ ಸೊನ್ನೆ ಆಗುತ್ತದೆ. ನೋಡಲೇಬೇಕಿದ್ದರೆ ಇನ್ನೊಂದು ಕಾಪಿ ಮಾಡಿಕೊಂಡು ಅದನ್ನು ನೋಡಿ.

ನಾಲ್ಕೈದು ಡೇರಿಗಳಿಂದ ಇನ್ನೂ ಹಳೇ ಎಕ್ಸ್‌ಎಲ್‌ಎಸ್ ಫೈಲ್ (2007ಕ್ಕೆ ಮುಂಚಿನ ಎಕ್ಸೆಲ್‌ನ ಮಾದರಿ) ಬರುತ್ತಿದೆ. ಅದನ್ನು ಇನ್ನು ತೆಗೆದುಕೊಳ್ಳುವುದಿಲ್ಲ. ಅದರ ಮಿತಿ 65,536 ಸಾಲು. 180 ಸದಸ್ಯರ ಡೇರಿಗೆ 182 ದಿನಕ್ಕೇ ತುಂಬಿಹೋಗುತ್ತದೆ, ಮುಂದಿನ ಸಾಲುಗಳಿಗೆ ಜಾಗವೇ ಇರುವುದಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಹಳೇ ಫೈಲಿನ ಮಿತಿಯಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ದಿನದ ವರದಿಯಿಂದ ಬಿಟ್ಟುಹೋಗಿದ್ದವು. ಅಂಥವರಿಗೇ ಆದದ್ದು ನಮಗೆ ಆಗಲ್ಲ ಅನ್ನೋಕೆ ಆಗುತ್ತಾ?

ಸಂಜೆ ಕರೆಂಟ್ ಹೋದರೆ, ನೆಟ್ ಇಲ್ಲದಿದ್ದರೆ ಗಾಬರಿ ಬೇಡ. ಬೆಳಗಿನ ಜಾವ ನಾಲ್ಕಕ್ಕೆ ಮೆಷಿನ್ ಇನ್ನೊಂದು ಸಲ ಎದ್ದು ತಡವಾಗಿ ಬಂದ ಫೈಲ್‌ಗಳನ್ನು ಮಾತ್ರ ನೋಡುತ್ತದೆ. ಹಾಲು ಹಾಕುವ ಸದಸ್ಯರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನದ ಪಟ್ಟಿಯಲ್ಲಿ ಏನೂ ಬದಲಾವಣೆ ಇಲ್ಲ.

ನಿಮಗೆ ಕಷ್ಟ ಆಗುವುದನ್ನೂ ಹೇಳಬೇಕಲ್ವಾ. ಮಧ್ಯಾಹ್ನ ಯಾರೋ ಸದಸ್ಯರು ಬಂದು "ನನ್ನದು ಇವತ್ತಿಗೆ ಎಷ್ಟಾಯ್ತು" ಎಂದರೆ ಮೊದಲಿನಂತೆ ಫೈಲ್ ತೆಗೆದು ಆ ಕ್ಷಣದ ಮೊತ್ತ ಹೇಳಲು ಬರುವುದಿಲ್ಲ. ನಿನ್ನೆ ಸಂಜೆವರೆಗಿನದು ಹೇಳಬಹುದು. ಬಟವಾಡೆ ಆದ ಮೇಲೆ ಹಳೇ ಸಾಲನ್ನು ತಿದ್ದಲೂ ಆಗುವುದಿಲ್ಲ. ತಪ್ಪು ಸಿಕ್ಕರೆ ಮುಂದಿನ ಬಟವಾಡೆಯಲ್ಲಿ ಬೇರೆ ಸಾಲಾಗಿ, ಕಾರಣದ ಜೊತೆ, ಕೂಡಿಸಬೇಕು ಅಥವಾ ಕಳೆಯಬೇಕು. ಇದು ಕೆಲವರಿಗೆ ಕಿರಿಕಿರಿ ಅನಿಸುತ್ತದೆ. ಈ ವಿಷಯದಲ್ಲಿ ನಾವು ಸಡಿಲ ಬಿಡುವುದಿಲ್ಲ, ಕ್ಷಮಿಸಿ. ದುಡ್ಡು ಕೊಟ್ಟಾದ ಮೇಲೆ ಹಿಂದಿನ ಸಂಖ್ಯೆ ಬದಲಾಗುವ ಫೈಲ್ ಇರಲೇಬಾರದಿತ್ತು.

31,000ದಿಂದ 4,600 ಅಂದರೆ ತಿಂಗಳಿಗೆ 26,400 ಉಳಿಯಿತು. 2 ರೂಪಾಯಿ ಇಳಿಸಿದ್ದಕ್ಕೆ 41 ಡೇರಿಗೂ ಸೇರಿ ನಿಮಗೆ ಬರುವುದು ಸರಾಸರಿ 180 ಸದಸ್ಯರ ಲೆಕ್ಕದಲ್ಲಿ 14,760. ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ನೀವು ಕೇಳುತ್ತೀರಿ, ಲೆಕ್ಕದವರು ನೀವು. ಎಂಟರ್ ಒತ್ತಿ ಕಾದು ಕೂತಿದ್ದಳಲ್ಲ, ಅದೇ ಹುಡುಗಿ ಈ ಪ್ರೋಗ್ರಾಮ್ ಬರೆದದ್ದು. ಅವಳ ಸಂಬಳ ಏರಿಸಿದ್ದೇವೆ. ಆಫೀಸಿನ ಯುಪಿಎಸ್ ಬ್ಯಾಟರಿಯೂ ಸತ್ತಿತ್ತು.

ನಿಮ್ಮ ಡೇರಿಯ ಮೂರು ವರ್ಷದ ಹಳೇ ಲೆಕ್ಕ ಈ ತಿಂಗಳ ಕೊನೆಯೊಳಗೆ ಒಂದು ಪೆನ್‌ಡ್ರೈವ್‌ನಲ್ಲಿ ನಿಮಗೆ ಬರುತ್ತದೆ, ವರ್ಷಕ್ಕೆ ಒಂದು ಫೈಲ್. ಬೀರುವಿನಲ್ಲಿ ಪಾಸ್‌ಬುಕ್‌ಗಳ ಜೊತೆ ಇಟ್ಟುಕೊಳ್ಳಿ. ಹೊಸ ಪದ್ಧತಿಯ ಮೊದಲ ಬಟವಾಡೆ ದಿನ ಬೆಳಿಗ್ಗೆ ಐದಕ್ಕೇ ನಾವಿಬ್ಬರು ಆಫೀಸಿನಲ್ಲಿ ಇರುತ್ತೇವೆ. ಶೀಟ್ ಬಂದಿಲ್ಲ ಅಂದರೆ, ಒಂದು ಸಾಲು ಅನುಮಾನ ಅಂದರೂ ಸರಿ, ಫೋನ್ ಮಾಡಿ. ಮದ್ದೂರಿನವರು ಮಾತ್ರ ಬಂದೇ ನೋಡುತ್ತೇನೆ ಎಂದಿದ್ದಾರೆ.

ಇಂತಿ,
ಮಂಡ್ಯ ಆಫೀಸಿನಿಂದ ನಿಮ್ಮ ಲೆಕ್ಕದ ಹುಡುಗರು ಮತ್ತು ಹುಡುಗಿ