ಅವತ್ತು ಅರ್ಧಕ್ಕೆ ನಿಂತ ಹಾಡು

ಕಲಬುರಗಿ,
ಭಾನುವಾರ ಮಧ್ಯಾಹ್ನ

ಬಂಗಾರಿ,

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ಊಟ ಆಯ್ತಾ, ಪುಣೆಯಲ್ಲಿ ಮಳೆ ಬಂತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಇದು ಹಾಗೆ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಳೆ ಹಿಡಿಯುವ ಮುಂಚೆ ಕೌದಿಗಳನ್ನು ಬಿಸಿಲಿಗೆ ಹಾಕಬೇಕು ಅಂತ ಹೋದ ವಾರ ದೊಡ್ಡ ಟ್ರಂಕ್ ತೆಗೆದಿದ್ದೆ. ತಳದಲ್ಲಿ ನಿನ್ನ ಪಿಯುಸಿ ನೋಟ್‌ಬುಕ್ ಇತ್ತು. ಮೇಲೆ ಫಿಸಿಕ್ಸ್ ಅಂತ ಬರೆದಿದೆ. ಹಿಂದಿನ ಹಾಳೆಯಲ್ಲಿ ಹಾಡುಗಳ ಪಟ್ಟಿ, ಒಂದರಿಂದ ಹತ್ತು. ಒಂಬತ್ತು ಮತ್ತು ಹತ್ತನ್ನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದ್ದೀಯ. ಪಕ್ಕದಲ್ಲಿ ‘ಇಲ್ಲಿ ಬಿಡುವಿಲ್ಲ’ ಅಂತ ಬರೆದಿದ್ದೀಯ.

ಆ ಕೆಂಪು ಗೆರೆ ನೋಡಿದ ಕೂಡಲೇ ಅವತ್ತಿನ ಸಂಜೆ ನೆನಪಾಯಿತು. ನಿನಗೂ ನೆನಪಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಮೂರು ತಿಂಗಳಲ್ಲಿ ನಾನು ಏನೇನು ಕೇಳಿದೆ ಅಂತ ಹೇಳಬೇಕು.

ಯುಗಾದಿಗೆ ಬಂದಾಗ ನೀನು ಸಣ್ಣ ಸ್ಪೀಕರ್ ಇಟ್ಟು ಹೋದೆಯಲ್ಲ, ಅದು ಎರಡು ವಾರ ಫ್ರಿಜ್ ಮೇಲೆ ಸುಮ್ನೆ ಕೂತಿತ್ತು. ಒಂದು ದಿನ ಕೆಳಗಿನ ಮನೆಯ ಹುಡುಗ ಬಂದು ಫೋನಿಗೆ ಜೋಡಿಸಿ, ‘ಏನು ಹಚ್ಚಲಿ ಟೀಚರ್?’ ಅಂತ ಕೇಳಿದ. ನನಗೆ ಹೊಳೆದದ್ದು ಸಂತೂರ್ ವಾದ್ಯ ಒಂದೇ. ಹುಡುಗಿಯಾಗಿದ್ದಾಗ ಊರಲ್ಲಿ ಕಲಬುರಗಿ ಆಕಾಶವಾಣಿ ಕೇಳುತ್ತಿದ್ದೆವು. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗಲು ಎರಡು ನಿಮಿಷ ಉಳಿದರೆ ವಾದ್ಯ ಸಂಗೀತದ ತುಣುಕು ಹಾಕುತ್ತಿದ್ದರು. ಅದರಲ್ಲಿ ಸಂತೂರ್ ಬಂದರೆ ನಾನು ಹಿಟ್ಟು ನಾದುವುದನ್ನು ನಿಲ್ಲಿಸುತ್ತಿದ್ದೆ. ಅಷ್ಟರಲ್ಲಿ ಅದು ನಿಂತು ಪ್ರದೇಶ ಸಮಾಚಾರ ಬರುತ್ತಿತ್ತು. ಅದು ಯಾವುದೋ ದೊಡ್ಡದೊಂದರ ತುಣುಕು ಇರಬಹುದು ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಹುಡುಗ ಹುಡುಕಿ ಹಾಕಿದ್ದು ‘ಕಾಲ್ ಆಫ್ ದಿ ವ್ಯಾಲಿ’. 1967ರ ಆಲ್ಬಮ್. ಸಂತೂರ್ ಶಿವಕುಮಾರ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್‌ಭೂಷಣ್ ಕಾಬ್ರಾ. ಸಂತೂರಿನವರಿಗೂ ಕೊಳಲಿನವರಿಗೂ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಕಾಶ್ಮೀರದ ಜನಪದ ವಾದ್ಯ ಸಂತೂರ್. ಶಾಸ್ತ್ರೀಯ ಸಂಗೀತಕ್ಕೆ ಇದು ಒಗ್ಗುವುದಿಲ್ಲ ಅಂದವರು ಆಗ ಬಹಳ ಜನ. ಸ್ವರವನ್ನು ಜಗ್ಗಿ ಎಳೆಯಲು ಅದರಲ್ಲಿ ಆಗುವುದಿಲ್ಲ, ಮರದ ಕಡ್ಡಿಯಿಂದ ತಂತಿಗೆ ಬಡಿಯಬೇಕು ಅಷ್ಟೇ. ಆದರೂ ಈ ಪುಣ್ಯಾತ್ಮ ಬಿಡಲಿಲ್ಲ.

ಅವತ್ತು ಕೇಳಿದೆ. ಚೆಂದ ಇತ್ತು. ಆದರೆ ಎಲ್ಲೋ ಒಂದು ಕಡೆ ಸರಿ ಹೋಗಲಿಲ್ಲ. ಕಾರಣ ಎರಡು ದಿನ ಆದ ಮೇಲೆ ತಿಳಿಯಿತು. ಆ ಆಲ್ಬಮ್‌ನಲ್ಲಿ ಒಂದು ಕಥೆ ಇದೆ. ಕಾಶ್ಮೀರದ ಒಬ್ಬ ಕುರುಬನ ಒಂದು ದಿನ. ಬೆಳಗಿಗೆ ಅಹಿರ್ ಭೈರವ, ನಟ ಭೈರವ ರಾಗ. ಹೊತ್ತು ಏರಿದ ಮೇಲೆ ಪೀಲೂ. ಸಂಜೆಗೆ ಭೂಪ್. ಆಮೇಲೆ ದೇಸ್, ಕೊನೆಗೆ ಪಹಾಡಿ. ನನ್ನ ಫೋನಿನಲ್ಲಿ ಹಾಡುಗಳನ್ನು ಕಲಸಿ ಹಾಕುವ ಗುಂಡಿ, ಅದೇ ಶಫಲ್, ಒತ್ತಿತ್ತು. ಮೊದಲು ರಾತ್ರಿ ಬಂದು, ಆಮೇಲೆ ಬೆಳಗಾಗಿ, ಮತ್ತೆ ಸಂಜೆ ಆಗಿತ್ತು. ಆ ಕುರುಬನ ದಿನವನ್ನೇ ಕೆಡಿಸಿದಂತಾಗಿತ್ತು.

ಆ ಗುಂಡಿ ತೆಗೆದು ಮೊದಲಿನಿಂದ ಕೇಳೋಣ ಅಂದರೆ ಮೇ ತಿಂಗಳು. 43 ಡಿಗ್ರಿ. ಕೂಲರ್ ಹಚ್ಚಿದರೆ ಅದರ ಸದ್ದಿಗೆ ಸಂತೂರಿನ ಸಣ್ಣ ಸ್ವರ ಕೇಳುವುದಿಲ್ಲ. ಕೂಲರ್ ಬಂದ್ ಮಾಡಿದರೆ ಕೂರಲಾಗುವುದಿಲ್ಲ. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ನೀರು ಚಿಮುಕಿಸಿ ಅಲ್ಲೇ ಮಲಗಿ ನೋಡಿದೆ. ಆಗಲಿಲ್ಲ. ಕೊನೆಗೆ ಬೆಳಗಿನ ಐದಕ್ಕೆ ಮಾಳಿಗೆ ಹತ್ತಿದೆ. ಹೇಗೂ ಬೇಸಿಗೆಯಲ್ಲಿ ನಾವು ಮಲಗುವುದು ಅಲ್ಲೇ ಅಲ್ವಾ. ನಿಮ್ಮಪ್ಪನಿಗೆ ನಿದ್ದೆ. ನಾನು ಟ್ಯಾಂಕಿಗೆ ಬೆನ್ನು ಹಚ್ಚಿ ಕೂತೆ.

ಮೊದಲು ಸಂತೂರ್ ಒಂದೇ. ಒಂದು ಸ್ವರ ಬಡಿದು, ಅದು ಕರಗುವವರೆಗೆ ಕಾಯುತ್ತಾನೆ. ಗಡಿಬಿಡಿ ಇಲ್ಲ. ಪೂರ್ವಕ್ಕೆ ಇನ್ನೂ ಬೂದಿ ಬಣ್ಣ. ನನಗೆ ಕಾಶ್ಮೀರ ಕಾಣಲಿಲ್ಲ, ನಾನು ನೋಡಿಯೂ ಇಲ್ಲ. ನಮ್ಮ ಎರಿ ಹೊಲ ಕಂಡಿತು. ತೊಗರಿ ರಾಶಿ ಆದ ಮೇಲೆ ಗೊಬ್ಬರಕ್ಕೆ ಅಂತ ನಮ್ಮಪ್ಪ ಹೊಲದಲ್ಲಿ ಕುರಿ ಕೂಡಿಸುತ್ತಿದ್ದ. ಕುರುಬರು ಕಂಬಳಿ ಹೊದ್ದು ಹಿಂಡಿನ ಪಕ್ಕದಲ್ಲೇ ಮಲಗುತ್ತಿದ್ದರು. ನಸುಕಿನಲ್ಲಿ ನಾನು ಅವರಿಗೆ ಬುತ್ತಿ ಒಯ್ದು ಕೊಟ್ಟರೆ, ಹಿಂಡು ಆಗಷ್ಟೇ ಎದ್ದು ಮೈ ಜಾಡಿಸುತ್ತಿತ್ತು. ಮೊದಲು ಒಂದು ಕುರಿಯ ಗಂಟೆ, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಆ ಸಂತೂರಿನ ಜೊತೆ ಕೊಳಲು, ಗಿಟಾರ್ ಸೇರಿಕೊಂಡಿದ್ದು ಥೇಟ್ ಹಾಗೇ ಇತ್ತು, ಬಂಗಾರಿ.

ಮುಗಿದಾಗ ಬಿಸಿಲು ಗೋಡೆಗೆ ಬಂದಿತ್ತು. ಹಾಲಿನವನು ಬಂದು ಹೋಗಿದ್ದು ಗೊತ್ತಾಗಲಿಲ್ಲ. ನನಗೆ 61 ವರ್ಷ. ಕೈಯಲ್ಲಿ ಯಾವ ಕೆಲಸವೂ ಇಲ್ಲದೆ, ಬರೀ ಕೇಳುತ್ತಾ ಇಷ್ಟು ಹೊತ್ತು ನಾನು ಕೂತದ್ದು ಅದೇ ಮೊದಲು.

ಯಾಕೆ ಇಷ್ಟು ತಡವಾಯಿತು ಅಂತ ಯೋಚಿಸಿದೆ. ಹಾಡು ನನಗೆ ಯಾವತ್ತೂ ಇಡಿಯಾಗಿ ಸಿಕ್ಕಿರಲಿಲ್ಲ. ರೇಡಿಯೋದಲ್ಲಿ ಅವರು ಹಾಕಿದ್ದು, ಪಕ್ಕದ ಮನೆಯ ಗೋಡೆ ದಾಟಿ ಬಂದದ್ದು, ಬಸ್ಸಿನಲ್ಲಿ ಡ್ರೈವರ್ ಹಾಕಿದ್ದು. ಮದುವೆಯಾದ ಮೇಲೆ ಟೇಪ್ ರೆಕಾರ್ಡರ್ ಬಂತು. ಆಗ ಸೂಪರ್ ಮಾರ್ಕೆಟ್ ಕಡೆ ಚೀಟಿಯಲ್ಲಿ ಹಾಡುಗಳ ಹೆಸರು ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್, ಒಂದು ಮಗ್ಗುಲಿಗೆ ಅರ್ಧ ಗಂಟೆ. ಜಾಗ ಸಾಲದಿದ್ದರೆ ಕೊನೆಯ ಹಾಡು ನಡುವೆಯೇ ಟಪ್ ಅಂತ ನಿಲ್ಲುತ್ತಿತ್ತು. ನಮಗೆ ಅದೂ ರೂಢಿಯಾಗಿತ್ತು. ಮೊದಲಿನ ಗ್ರಾಮಫೋನಿನ 78 ವೇಗದ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷ, ಮೂರೂವರೆ ನಿಮಿಷ, ಅಷ್ಟೇ. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಅನ್ನುವ ಹೆಚ್ಚು ಹೊತ್ತಿನ ತಟ್ಟೆ ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. ಆಗ ಸಂಗೀತಗಾರರು ಯಾವುದು ಮೊದಲು, ಯಾವುದು ಕೊನೆ, ಎಲ್ಲಿ ಉಸಿರು ಬಿಡಬೇಕು ಅಂತ ಕೂತು ಕಟ್ಟಿದರು. ನಾವು ಇಲ್ಲಿ ಅದನ್ನು ಬಿಡಿಸಿ, ಬೇಕಾದ್ದು ಆರಿಸಿಕೊಂಡು ತಿಂದೆವು. ನಮಗೆ ಸಿಕ್ಕಿದ್ದೇ ಹಾಗೆ. ತಪ್ಪೇನಿಲ್ಲ. ಆದರೆ ಕಟ್ಟಿದವರು ಕಟ್ಟಿದ ಹಾಗೆ ಕೇಳುವುದು ಬೇರೆಯೇ.

ಆಮೇಲೆ ದಿನಕ್ಕೊಂದು ಅಂತ ಶುರು ಮಾಡಿದೆ. ಅಮೆರಿಕದ ತುತ್ತೂರಿಗಾರ ಮೈಲ್ಸ್ ಡೇವಿಸ್‌ದು ‘ಕೈಂಡ್ ಆಫ್ ಬ್ಲೂ’ ಕೇಳಿದೆ. ನೀನು ಒಮ್ಮೆ ಹೆಸರು ಹೇಳಿದ್ದೆ. 1959ರಲ್ಲಿ ನ್ಯೂಯಾರ್ಕಿನಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದ್ದಂತೆ. ಜಾಝ್ ಅಂದರೆ ನನಗೆ ಏನೂ ಗೊತ್ತಿಲ್ಲ. ಆದರೆ ಮೊದಲನೆಯದರಲ್ಲಿ ಆ ದಪ್ಪ ದನಿಯ ಬಾಸ್ ಒಂದು ಮಾತು ಹೇಳುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಕಟ್ಟೆ ಮೇಲೆ ಯಾರಾದರೂ ಕಥೆ ಹೇಳಿದರೆ ಕೂತವರು ಹೂಂಗುಡುತ್ತಾರಲ್ಲ, ಹಾಗೆ. ಅಷ್ಟು ತಿಳಿದ ಮೇಲೆ ಉಳಿದದ್ದು ಕೇಳಲು ಭಯವಾಗಲಿಲ್ಲ. ಒಂದೇ ಸ್ವರಸಾಲಿನಲ್ಲಿ ನಿಂತು ಸಾವಕಾಶ ಹುಡುಕುತ್ತಾರೆ. ರಾಗ ಬಿಡಿಸುವುದು ಕೇಳಿ ಬೆಳೆದವರಿಗೆ ಅದು ಅಷ್ಟೇನೂ ದೂರದ್ದಲ್ಲ.

ಇನ್ನು ನಿನ್ನ ನೋಟ್‌ಬುಕ್ಕಿಗೆ ಬರುತ್ತೇನೆ.

ನೀನು ಬರೆದಿಟ್ಟ ಹತ್ತು ಹಾಡು ಪಿಂಕ್ ಫ್ಲಾಯ್ಡ್ ಅನ್ನುವ ಇಂಗ್ಲೆಂಡಿನ ಬ್ಯಾಂಡಿನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. 1973ರ ಮಾರ್ಚ್. ಸುಮಾರು 43 ನಿಮಿಷ. ನೋಟ್‌ಬುಕ್ ಮಡಿಲಲ್ಲಿ ಇಟ್ಟುಕೊಂಡು, ನಿನ್ನ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದೆ. ಮೊದಲಿಗೇ ಎದೆ ಬಡಿತ. ಡವ್ ಡವ್ ಅಂತ. ನನ್ನದೇ ಇರಬೇಕು ಅಂದುಕೊಂಡೆ. ನಾಲ್ಕನೆಯದರಲ್ಲಿ ಗಡಿಯಾರಗಳೆಲ್ಲ ಒಟ್ಟಿಗೇ ಹೊಡೆದುಕೊಂಡವು. ನಿಮ್ಮಪ್ಪ ಗಾಬರಿಯಾಗಿ ಎದ್ದು ಕೂತರು. ಅಲನ್ ಪಾರ್ಸನ್ಸ್ ಅನ್ನುವ ಸೌಂಡ್ ಎಂಜಿನಿಯರ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೇ ಬೇರೆಬೇರೆ ರೆಕಾರ್ಡ್ ಮಾಡಿಕೊಂಡು ಬಂದಿದ್ದ ಅಂತ ಆಮೇಲೆ ಓದಿದೆ.

ಆದರೆ ಐದನೆಯದು. ಬಂಗಾರಿ, ಐದನೆಯದರ ಬಗ್ಗೆ ನೀನು ನನಗೆ ಯಾಕೆ ಹೇಳಲಿಲ್ಲ?

ಪಿಯಾನೋ ಮೆಲ್ಲಗೆ ಶುರುವಾಗುತ್ತದೆ. ಒಬ್ಬ ಮನುಷ್ಯ ಸಾವಿನ ಬಗ್ಗೆ ಒಂದೆರಡು ಮಾತಾಡುತ್ತಾನೆ. ಆಮೇಲೆ ಒಂದು ಹೆಣ್ಣು ದನಿ. ಮಾತೇ ಇಲ್ಲ. ಬರೀ ದನಿ. ಕೂಗುತ್ತಾಳೆ, ಬೇಡುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ, ಸೋತು ಕೂರುತ್ತಾಳೆ. ನನ್ನ ಕೈ ಅಲ್ಲೇ ನಿಂತಿತು. ಯಾಕಂದರೆ ಇದನ್ನು ನಾನು ಮೊದಲೇ ಕೇಳಿದ್ದೆ.

ನಿಮ್ಮಜ್ಜಿ ತೀರಿಕೊಂಡ ದಿನ ಆಳಂದದ ಕಡೆಯಿಂದ ದೊಡ್ಡವ್ವ ಬಂದಳು. ನೀನು ಆಗ ಸಣ್ಣವಳು, ನಿನ್ನನ್ನು ಪಕ್ಕದ ಮನೆಗೆ ಕಳಿಸಿದ್ದೆವು. ದೊಡ್ಡವ್ವ ಹೊಸ್ತಿಲಲ್ಲೇ ಸೆರಗು ಬಾಯಿಗೆ ಹಿಡಿದು ಕೂತಳು. ಹಾಡ್ಯಾಡಿಕೊಂಡು ಅತ್ತಳು. ಮೊದಲು ಮಾತು ಇದ್ದವು. ನನ್ನ ತಂಗೀ, ನನಗಿಂತ ಮೊದಲು ಹೆಂಗ ಹೋದಿ ಅಂತ. ಆಮೇಲೆ ಮಾತು ಉದುರಿಹೋದವು. ಬರೀ ದನಿ ಉಳಿಯಿತು, ಏರುವುದು, ಇಳಿಯುವುದು, ಒಮ್ಮೆ ಬೈದ ಹಾಗೆ, ಒಮ್ಮೆ ತೊಟ್ಟಿಲು ತೂಗಿದ ಹಾಗೆ. ಕೊನೆಗೆ ಗೋಡೆಗೆ ತಲೆ ಹಚ್ಚಿ, ಬರೀ ಉಸಿರಿನಲ್ಲಿ. ಅಂಗಳದಲ್ಲಿ ಇದ್ದವರು ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಅದು ಮುಗಿಯುವವರೆಗೆ ಕಾದರು. ನಡುವೆ ತಡೆಯಬಾರದು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಲಂಡನ್ನಿನ ಸ್ಟುಡಿಯೋದಲ್ಲಿ ಅದನ್ನು ಹಾಡಿದವಳು ಕ್ಲೇರ್ ಟೋರಿ. ಆಗ 25 ವರ್ಷದ ಹುಡುಗಿ. 1973ರ ಜನವರಿಯ ಒಂದು ಭಾನುವಾರ ಕರೆಸಿದರು. ಮಾತು ಬೇಡ ಅಂದರು. ತಾನೇ ಒಂದು ವಾದ್ಯ ಅಂದುಕೊಂಡು ಹಾಡಿದಳಂತೆ. ಹಾಡಿ ಹೊರಗೆ ಬಂದಾಗ ಜಾಸ್ತಿ ಮಾಡಿಬಿಟ್ಟೆನೇನೋ ಅಂತ ಅವಳಿಗೇ ಸಂಕೋಚ. ಕೈಗೆ ಸಿಕ್ಕಿದ್ದು 30 ಪೌಂಡ್. ಆ ಸ್ವರಗಳನ್ನು ಕಟ್ಟಿದ್ದು ತಾನು ಅಂತ 2004ರಲ್ಲಿ ದಾವೆ ಹಾಕಿದಳು. ಮರುವರ್ಷ ರಾಜಿಯಾಯಿತು. ಅಲ್ಲಿಂದ ಈಚೆಗೆ ಪಿಯಾನೋ ನುಡಿಸಿದ ರಿಚರ್ಡ್ ರೈಟ್ ಹೆಸರಿನ ಜೊತೆ ಅವಳ ಹೆಸರೂ ಇದೆ. ಮೂವತ್ತು ವರ್ಷ ದಾಟಿದ ಮೇಲೆ. ಅದನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು. ದೊಡ್ಡವ್ವನ ಹಾಡು ಯಾರೂ ಬರೆದಿಡಲಿಲ್ಲ.

ಆರು, ಏಳು, ಎಂಟು ಕೇಳಿದೆ. ಒಂಬತ್ತು ಬಂತು. ಬೆರಳು ಕೆಂಪು ಗೆರೆಯ ಮೇಲೆ ಇತ್ತು.

ನಿನ್ನ ಪಿಯುಸಿ ಎರಡನೇ ವರ್ಷ. ಪರೀಕ್ಷೆಗೆ ಮೂರು ವಾರ ಇತ್ತು. ನಾನು ಶಾಲೆಯಿಂದ ಬಂದೆ. ನಿನ್ನ ಕೋಣೆಯ ಬಾಗಿಲು ಹಾಕಿತ್ತು. ತಳ್ಳಿ ಒಳಗೆ ಬಂದರೆ ನೀನು ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಿದ್ದೆ. ಪುಸ್ತಕ ಮುಚ್ಚಿತ್ತು. ನಾನು ಒದರಿದೆ. ನೀನು ಕಣ್ಣು ತೆಗೆದು, ಕೈ ಎತ್ತಿ, ‘ಇನ್ನ ಒಂದೇ ಉಳದದ ಅವ್ವಾ, ಮುಗೀಲಿ, ನಡುವ ನಿಂದ್ರಸಬ್ಯಾಡ’ ಅಂದೆ. ನಾನು ಇಯರ್‌ಫೋನಿನ ವೈರ್ ಹಿಡಿದು ಜಗ್ಗಿದೆ. ಒಂದು ಕಿವಿಯದು ತುಂಡಾಗಿ ನನ್ನ ಕೈಗೆ ಬಂತು. ನೀನು ಅಳಲಿಲ್ಲ. ಪುಸ್ತಕ ತೆಗೆದೆ. ಆ ತಿಂಗಳೆಲ್ಲ ನನ್ನ ಜೊತೆ ಬೇಕಾದಷ್ಟೇ ಮಾತಾಡಿದೆ. ಮುರಿದದ್ದಕ್ಕೆ ಬದಲು ಹೊಸದು ತಂದುಕೊಟ್ಟೆ. ಅಲ್ಲಿಗೆ ಆಯಿತು ಅಂದುಕೊಂಡೆ.

ಈಗ ಕೇಳಿದೆನಲ್ಲ. ಒಂಬತ್ತನೆಯದು ನಿಲ್ಲುವುದೇ ಇಲ್ಲ. ಹಾಗೇ ಹತ್ತನೆಯದರೊಳಗೆ ಹೋಗುತ್ತದೆ. ಹತ್ತನೆಯದು ಎರಡೇ ನಿಮಿಷ. ಮೊದಲಿನಿಂದ ಹೊತ್ತು ತಂದದ್ದೆಲ್ಲ ಅಲ್ಲಿ ಒಟ್ಟಿಗೆ ಏರಿ ತುಂಬಿಕೊಳ್ಳುತ್ತದೆ. ಆಮೇಲೆ ಎಲ್ಲ ಸರಿದು ಮೊದಲಿನ ಎದೆ ಬಡಿತ ಒಂದೇ ಉಳಿಯುತ್ತದೆ. ಅದೂ ಮೆಲ್ಲಗೆ ದೂರವಾಗುತ್ತದೆ. ನಲವತ್ತು ನಿಮಿಷ ನಡೆದುಕೊಂಡು ಬಂದು ನೀನು ಆ ಬಾಗಿಲಿಗೆ ಮುಟ್ಟಿದ್ದೆ. ನಾನು ಅಲ್ಲಿಂದ ಎಳೆದೆ.

ತಪ್ಪಾಯಿತು, ಬಂಗಾರಿ. ಓದು ಅಂದದ್ದು ತಪ್ಪಲ್ಲ, ಅದನ್ನು ಇವತ್ತೂ ಹೇಳುತ್ತೇನೆ. ಎರಡು ನಿಮಿಷ ಕಾಯದೇ ಇದ್ದದ್ದು ತಪ್ಪು. ದೊಡ್ಡವ್ವ ಅಳುವಾಗ ಕಾಯುವುದು ಗೊತ್ತಿತ್ತು. ನಿನ್ನ ಮುಂದೆ ಅದು ನೆನಪಾಗಲಿಲ್ಲ.

ಪಂಚಮಿಗೆ ಬಾ. ಜೋಕಾಲಿ ಕಟ್ಟಲು ಈ ಮನೆಯಲ್ಲಿ ಮರ ಇಲ್ಲ, ಉಂಡಿ ಮಾತ್ರ ನಾಲ್ಕು ಥರ ಮಾಡುತ್ತೇನೆ. ಬೆಳಗಿನ ಐದಕ್ಕೆ ಮಾಳಿಗೆ ಹತ್ತಿ ಆ ಕುರುಬನ ದಿನ ಇಬ್ಬರೂ ಕೇಳೋಣ. ಮಳೆ ಇದ್ದರೆ ಪಡಸಾಲೆಯಲ್ಲಿ. ಆಗ ಕೂಲರ್ ಬೇಕಾಗುವುದಿಲ್ಲ.

ನಿನ್ನ ಹತ್ತು ಹಾಡು ಮಾತ್ರ ನೀನು ಒಬ್ಬಳೇ ಕೇಳು, ನಿನ್ನ ಆ ಕೋಣೆಯಲ್ಲೇ. ಸ್ಪೀಕರ್ ಚಾರ್ಜ್ ಮಾಡಿ ಇಟ್ಟಿರುತ್ತೇನೆ. ನೋಟ್‌ಬುಕ್ ಮೇಜಿನ ಮೇಲೆ ಇರುತ್ತದೆ. ಬಾಗಿಲು ನಾನೇ ಹಾಕಿಕೊಂಡು ಬರುತ್ತೇನೆ.

ನಿನ್ನ
ಅವ್ವ