ಪಟಾಕಿಯ ಹೊತ್ತು ಮೊದಲೇ ತಿಳಿಸಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಪಟಾಕಿಯ ಹೊಗೆ ಮತ್ತು ಕಣ್ಣಿನ ಗಾಯಗಳ ಬಗ್ಗೆ ಪತ್ರಿಕೆಗಳಲ್ಲಿ ಎಚ್ಚರಿಕೆಯ ಬರಹಗಳು ಬರುತ್ತವೆ. ಆಟಿಸಂ (ಹುಟ್ಟಿನಿಂದ ಬರುವ, ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ) ಇರುವ ಮಕ್ಕಳು ಈ ದಿನಗಳನ್ನು ಹೇಗೆ ಕಳೆಯುತ್ತಾರೆ ಎಂಬುದು ಆ ಮನೆಗಳ ಹೊರಗೆ ಹೆಚ್ಚು ತಿಳಿದಿಲ್ಲವಾದ್ದರಿಂದ, ಅಂಥ ಬಾಲಕನ ತಾಯಿಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ಈ ಮಕ್ಕಳಲ್ಲಿ ಅನೇಕರಿಗೆ ಸದ್ದು, ಬೆಳಕು, ವಾಸನೆ, ಸ್ಪರ್ಶ ಎಲ್ಲವೂ ತೀವ್ರವಾಗಿ ತಾಗುತ್ತವೆ. ದಿನಚರಿ ತಪ್ಪಿದರೆ ಗಾಬರಿಯಾಗುತ್ತದೆ. ಹಬ್ಬವಾದರೋ ಶಾಲೆಯ ರಜೆ, ನಸುಕಿನ ಎಣ್ಣೆಸ್ನಾನ, ಗರಿಗರಿ ಹೊಸ ಬಟ್ಟೆ, ಮನೆ ತುಂಬ ನೆಂಟರು ಎಂದು ಎಲ್ಲವನ್ನೂ ಒಟ್ಟಿಗೇ ತರುತ್ತದೆ. ಇವಕ್ಕೆ ಮನೆಯವರೇ ಸಿದ್ಧತೆ ಮಾಡಿಕೊಳ್ಳಬಹುದು. ನಾವು ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿಯವರೆಗೆ ಯಾವ ದಿನ ಏನು ನಡೆಯುತ್ತದೆ ಎಂಬುದನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಹೊಸ ಅಂಗಿಯನ್ನು ಒಗೆದು ಮೆತ್ತಗಾಗಿಸಿಯೇ ತೊಡಿಸುತ್ತೇವೆ. ನೆಂಟರು ಬಂದಾಗ ಮಗ ಎದ್ದು ಹೋಗಲು ಒಳಗಿನ ಕೋಣೆಯೊಂದನ್ನು ಬಿಟ್ಟಿರುತ್ತೇವೆ. ಬಂದವರೆಲ್ಲರ ಕಾಲಿಗೆ ನಮಸ್ಕರಿಸಲೇಬೇಕೆಂದು ಒತ್ತಾಯಿಸುವುದಿಲ್ಲ. ಹಿರಿಯರು ಇದಕ್ಕೆ ಬೇಸರಪಟ್ಟುಕೊಳ್ಳಬಾರದೆಂದು ಕೈಮುಗಿದು ಕೇಳುತ್ತೇನೆ.

ಆದರೆ ಪಟಾಕಿ ನಮ್ಮ ಕೈಯಲ್ಲಿಲ್ಲ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್‌ವರೆಗಿನ ಸದ್ದಿಗೆ ನಿಯಮದಲ್ಲೇ ಅವಕಾಶವಿದೆ. ಆ ಸದ್ದು ಯಾವ ಕ್ಷಣದಲ್ಲಿ ಎಲ್ಲಿಂದ ಬರುತ್ತದೋ ತಿಳಿಯದಿರುವುದು ಸದ್ದಿಗಿಂತಲೂ ಹೆಚ್ಚಿನ ಹಿಂಸೆ. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಸಿಡಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಹೊತ್ತು ನಿಜವಾಗಿ ಪಾಲನೆಯಾದರೆ ಅದನ್ನೂ ಗೋಡೆಯ ಚಿತ್ರಗಳಲ್ಲಿ ಸೇರಿಸಬಹುದು, ಅಷ್ಟರೊಳಗೆ ಊಟ ಮುಗಿಸಿ, ಕಿಟಕಿ ಮುಚ್ಚಿ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿ ಮಗುವನ್ನು ಅಣಿಗೊಳಿಸಬಹುದು. ನರಕ ಚತುರ್ದಶಿಯ ಬೆಳಗಿನ ಜಾವ ಐದು ಗಂಟೆಗೇ ಸರಪಟಾಕಿ ಹಚ್ಚಿದರೆ, ನಿದ್ದೆಯಿಂದ ಬೆಚ್ಚಿಬಿದ್ದು ಕಿರುಚುವ ಮಗುವನ್ನು ಸಂತೈಸುವುದರಲ್ಲೇ ಆ ಮನೆಯ ಹಬ್ಬ ಮುಗಿಯುತ್ತದೆ. ‘ಕೈಗೊಂದು ಪಟಾಕಿ ಕೊಡಿ, ಭಯ ತಾನಾಗಿ ಹೋಗುತ್ತದೆ’ ಎಂಬ ಸಲಹೆಯಂತೂ ಬೇಡವೇ ಬೇಡ. ಅದರಿಂದ ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಆಟಿಸಂ ಅನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದು ಗುರುತಿಸಿದೆ. ಆದ್ದರಿಂದ ನಗರಪಾಲಿಕೆ ಮತ್ತು ಪೊಲೀಸ್ ಇಲಾಖೆ ಹಬ್ಬದ ಪ್ರಕಟಣೆಗಳಲ್ಲಿ ಈ ಮಕ್ಕಳ ವಿಷಯವನ್ನೂ ಸೇರಿಸಿ, ಸಮಯದ ಮಿತಿಯನ್ನು ಬೀದಿಬೀದಿಯಲ್ಲೂ ಜಾರಿಗೆ ತರಬೇಕು. ಬಡಾವಣೆ ಹಾಗೂ ಅಪಾರ್ಟ್‌ಮೆಂಟ್ ಸಂಘಗಳು ಪಟಾಕಿಗೆ ಒಂದೇ ಜಾಗ, ಒಂದೇ ಹೊತ್ತು ಗೊತ್ತುಮಾಡಿ ಒಂದು ವಾರ ಮೊದಲೇ ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಳಿಸಲಿ.

– ಆಟಿಸಂ ಇರುವ ಬಾಲಕನ ತಾಯಿ, ಮೈಸೂರು