ಏಳನೇ ತರಗತಿಯ ಕಲ್ಲಿನ ಪಾಠ ಮತ್ತು ಬಿಳಿ ಯೂನಿಫಾರ್ಮ್ ಬಗ್ಗೆ

ಎಲ್ಲ ಪೋಷಕರಿಗೆ ನಮಸ್ಕಾರ.

ಕಳೆದ ಶನಿವಾರ ಮಕ್ಕಳು ಬಿಳಿ ಯೂನಿಫಾರ್ಮನ್ನೆಲ್ಲ ಕೆಂಪು ಮಾಡಿಕೊಂಡು ಮನೆಗೆ ಬಂದರು. ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಐದಾರು ತಾಯಂದಿರು ಆಫೀಸಿಗೇ ಬಂದು ಕೇಳಿದರು, ಗ್ರಹಗಳ ಪಾಠಕ್ಕೆ ಪುಸ್ತಕ ಸಾಲದಾ, ಕಲ್ಲು ಯಾಕೆ ಅಂತ. ಸಂಡೂರಿನಲ್ಲಿ ಇರುವವರಿಗೆ ಕಬ್ಬಿಣದ ಅದಿರಿನ ಕಲೆ ಎಂಥದು ಅಂತ ಹೇಳಬೇಕಾ? ಎಷ್ಟು ಸಲ ಒಗೆದರೂ ಪೂರ್ತಿ ಹೋಗಲ್ಲ. ನಿಮಗೆ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ತಪ್ಪು ನಮ್ಮದೇ, ಕ್ಷಮಿಸಿ.

ಆದರೆ ಅವತ್ತು ಏನಾಯಿತು ಅಂತಲೂ ಕೇಳಿ. ವಿಜ್ಞಾನದ ಮೇಷ್ಟ್ರು ಒಂದೊಂದು ಟೈಲ್ಸ್ ಚೂರು ಕೊಟ್ಟು, ಅದರ ಹಿಂದಿನ ಒರಟು ಬದಿಗೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕಲ್ಲನ್ನು ಗಟ್ಟಿಯಾಗಿ ಉಜ್ಜಲು ಹೇಳಿದರು. ಕಲ್ಲು ಕಪ್ಪು, ಕೈಗೆ ಭಾರ. ಬಿದ್ದ ಗೆರೆ ಮಾತ್ರ ಕುಂಕುಮ ಕಲಸಿದ ಹಾಗೆ ಕೆಂಪು! ಅದು ತುಕ್ಕಿನ ಹಾಗೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಬಣ್ಣ, ಮಂಗಳ ಗ್ರಹ ಕೆಂಪಗಿರುವುದೂ ಕಬ್ಬಿಣದ ಇಂಥ ಧೂಳಿನಿಂದಲೇ ಅಂತ ಮೇಷ್ಟ್ರು ಹೇಳಿದರು. 2004ರಲ್ಲಿ ಅಲ್ಲಿ ಇಳಿದ ಆಪರ್ಚುನಿಟಿ ಎಂಬ ಓಡಾಡುವ ಯಂತ್ರಕ್ಕೆ (ರೋವರ್) ಹೆಮಟೈಟಿನ ಪುಟ್ಟ ಗುಂಡುಗಳು ಸಿಕ್ಕಿದ್ದವು. ನಮ್ಮ ಗುಡ್ಡದ ಅದಿರು ಅಲ್ಲೂ ಇದೆ ಅಂತ ಕೇಳಿ ಮಕ್ಕಳು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು.

ಆಗ ಹಿಂದಿನ ಬೆಂಚಿನ ಒಬ್ಬಳು ಎದ್ದು ಕೇಳಿದಳು: "ಸರ್, ಅಲ್ಲಿಯ ಗಾಳಿಯಲ್ಲಿ ಆಮ್ಲಜನಕವೇ ಇಲ್ಲ ಅಂದಿರಲ್ಲ, ಮತ್ತೆ ತುಕ್ಕು ಹೇಗೆ ಹಿಡಿಯಿತು?" ನಾನು ಬಾಗಿಲಲ್ಲೇ ನಿಂತಿದ್ದೆ, ಮೈ ಜುಮ್ಮೆಂದಿತು. ನಿಜ, ಮಂಗಳದ ಗಾಳಿಯಲ್ಲಿ ಶೇ. 95 ಕಾರ್ಬನ್ ಡೈಆಕ್ಸೈಡ್, ನಾವು ಉಸಿರಾಡುವ ಗಾಳಿಯಲ್ಲಿ ಶೇ. 21 ಇರುವ ಆಮ್ಲಜನಕ ಅಲ್ಲಿ ಇಲ್ಲದಷ್ಟೇ. ಆದರೆ ನೀರಿನೊಳಗೂ ಆಮ್ಲಜನಕ ಇದೆ, ಅಲ್ವಾ? ಮಂಗಳದಲ್ಲಿ ಒಂದು ಕಾಲಕ್ಕೆ ನೀರು ಹರಿದಿತ್ತು, ಕಬ್ಬಿಣಕ್ಕೆ ಆಮ್ಲಜನಕ ಅದರಿಂದಲೇ ಸಿಕ್ಕಿರಬಹುದು. ಅಲ್ಲಿಂದ ಮಾತು ಶುಕ್ರ ಗ್ರಹಕ್ಕೆ ಹೋಯಿತು. ಅಲ್ಲೂ ಶೇ. 96ರಷ್ಟು ಅದೇ ಕಾರ್ಬನ್ ಡೈಆಕ್ಸೈಡ್, ಆದರೆ ಗಾಳಿ ತುಂಬಾ ದಟ್ಟ, ಒತ್ತಡ ಭೂಮಿಗಿಂತ ಸುಮಾರು 90 ಪಟ್ಟು ಜಾಸ್ತಿ. ಆ ದಟ್ಟ ಗಾಳಿ ಕಾವನ್ನು ಹಿಡಿದಿಡುತ್ತದೆ, ಹಾಗಾಗಿ ನೆಲ 460 ಡಿಗ್ರಿಗೂ ಮೀರಿ ಕಾದಿದೆ. ಮಂಗಳದ ಗಾಳಿ ತೀರಾ ತೆಳು, ಕಾವು ಹಿಡಿದಿಡುವುದಿಲ್ಲ, ಅದಕ್ಕೇ ಅಲ್ಲಿ ಕೊರೆಯುವ ಚಳಿ. ಇದೆಲ್ಲ ಆ ಹುಡುಗಿಯ ಒಂದು ಪ್ರಶ್ನೆಯಿಂದ ಬಂದದ್ದು.

ಇದು ಪರೀಕ್ಷೆಗೆ ಬರುತ್ತಾ ಅಂತ ಒಬ್ಬ ತಂದೆ ಕೇಳಿದರು. ಕೆಲವು ಬರುತ್ತವೆ, ಕೆಲವು ಬರಲ್ಲ. ಕಲ್ಲಿನ ಪಾಠ ಮಾತ್ರ ನಿಲ್ಲಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಇನ್ನು ಮೇಲೆ ಟೈಲ್ಸ್ ಒದ್ದೆ ಮಾಡಿಯೇ ಉಜ್ಜಿಸುತ್ತೇವೆ, ಧೂಳು ಏಳುವುದಿಲ್ಲ. ಮುಗಿದ ಕೂಡಲೇ ಸೋಪಿನಲ್ಲಿ ಕೈ ತೊಳೆಸಿಯೇ ಮನೆಗೆ ಕಳಿಸುತ್ತೇವೆ. ಆದರೂ ಪಾಠ ನಡೆಯುತ್ತದೆ, ಕಲ್ಲು ಇಟ್ಟುಕೊಂಡೇ ನಡೆಯುತ್ತದೆ.

ಬರುವ ಶನಿವಾರ ಮಕ್ಕಳಿಗೆ ಯೂನಿಫಾರ್ಮ್ ಬೇಡ, ಹಳೆ ಬಟ್ಟೆ ಹಾಕಿ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ